ಸಾದಾ ತಟ್ಟೆಯ ಸರದಿ

ಆ ಮನೆಯಲ್ಲಿ ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ಬೈಯುವ ತಾಪತ್ರಯವೇ ಬೇಕಿರಲಿಲ್ಲ. ಭಾನುವಾರ ಮಧ್ಯಾಹ್ನ ಮೇಜಿನ ಮೇಲೆ ತಟ್ಟೆ ಇಟ್ಟರೆ ಎಲ್ಲ ಹೇಳಿದಂತಾಗುತ್ತಿತ್ತು. ವಾರದ ಉಳಿದ ದಿನ ಯಾರು ಯಾವುದರಲ್ಲಿ ಉಂಡರೂ ಕೇಳುವವರಿಲ್ಲ. ಭಾನುವಾರ ಮಾತ್ರ ಅತ್ತೆ ತನ್ನ ಕನ್ನಡಕದ ಡಬ್ಬಿಯಿಂದ ಬೀಗದ ಕೈ ತೆಗೆದು, ಗಾಜಿನ ಬಾಗಿಲಿನ ಬೀರು ತೆರೆದು, ಹೂವಿನ ತಟ್ಟೆಗಳನ್ನು ಒಂದೊಂದಾಗಿ ಎದೆಗೆ ಒತ್ತಿಕೊಂಡು ಹೊರಗೆ ತರುತ್ತಿದ್ದಳು. ತನ್ನ ಮಕ್ಕಳನ್ನೂ ಅವಳು ಅಷ್ಟು ಜೋಪಾನವಾಗಿ ಎತ್ತಿಕೊಂಡಿದ್ದನ್ನು ಕಂಡವರಿಲ್ಲ.

ಅಂಥವು ಆರು ಇದ್ದವು. ಕೆನೆ ಬಣ್ಣದ ಪಿಂಗಾಣಿ, ಅಂಚಿನ ಸುತ್ತ ನೀಲಿ ಹೂಬಳ್ಳಿ, ನಡುವೆ ಚಿಕ್ಕದೊಂದು ಹಳದಿ ಹಕ್ಕಿ. ಅದೇ ಬೀರುವಿನ ಕೆಳಗಿನ ಹಲಗೆಯಲ್ಲಿ ಅವುಗಳ ಬಳಗಕ್ಕೆ ಸೇರದ ಒಂದು ಬಿಳಿಯ ಸಾದಾ ತಟ್ಟೆಯೂ ಇತ್ತು. ಎಲ್ಲಿಂದ ಬಂತೋ ಯಾರಿಗೂ ನೆನಪಿಲ್ಲ. ದಪ್ಪ, ಭಾರ, ಚಾಕು ಗೀರಿ ಗೀರಿ ಮೈತುಂಬ ಬೂದು ಗೆರೆ, ಅಂಚಿನಲ್ಲೊಂದು ಸಣ್ಣ ಬಿರುಕು.

ದೊಡ್ಡ ಸೊಸೆ ಮದುವೆಯಾಗಿ ಬಂದ ಮೊದಲ ಭಾನುವಾರ ಮೇಜಿನ ಬಳಿ ನಿಂತು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದಳು. ಮಾವ, ಅತ್ತೆ, ಗಂಡ, ಮೈದುನ, ನಾದಿನಿ. ಆರನೆಯವಳು ತಾನು. ತಟ್ಟೆಯೂ ಆರು. ಅತ್ತೆ ಐದನ್ನು ಮೇಜಿನ ಮೇಲಿಟ್ಟು, ಆರನೆಯದನ್ನು ತಿರುಗಿ ಬೀರುವಿನೊಳಗಿಟ್ಟು, ಬಿಳಿಯದನ್ನು ತಂದು ಹೊಸ ಸೊಸೆಯ ಮುಂದೆ ಇಟ್ಟಳು.

"ಒಂದು ಒಡೆದುಹೋದ್ರೆ ಬದಲಿಗೆ ಬೇಕಲ್ಲಮ್ಮ," ಎಂದು ನಕ್ಕಳು. "ನೀನು ನಮ್ಮವಳೇ ಅಂತ ಹೇಳ್ತಿದೀನಿ. ಹೊರಗಿನವರಾಗಿದ್ರೆ ಬೇಜಾರು ಮಾಡ್ಕೊಳ್ತಿದ್ರು."

ನಮ್ಮವಳೇ ಎನ್ನುವ ಮಾತನ್ನು ದೊಡ್ಡ ಸೊಸೆ ಎಷ್ಟೋ ದಿನ ಚಪ್ಪರಿಸಿಕೊಂಡು ಓಡಾಡಿದಳು. ಆಮೇಲೆ ನಾದಿನಿ ಮದುವೆಯಾಗಿ ಹೋದಳು. ಈಗ ಎರಡು ತಟ್ಟೆ ಖಾಲಿ. ಸೊಸೆ ಬಾಯಿಬಿಟ್ಟು ಕೇಳಲಿಲ್ಲ, ಬೀರುವಿನತ್ತ ಒಮ್ಮೆ ನೋಡಿದಳು, ಅಷ್ಟೆ. "ಅವಳು ತವರಿಗೆ ಬಂದಾಗ ಯಾವುದರಲ್ಲಿ ಉಣ್ಣಬೇಕು? ಮಗಳ ತಟ್ಟೆ ಮಗಳದ್ದೇ," ಎಂದಳು ಅತ್ತೆ. ಅದಾದ ಮೇಲೆ ದೊಡ್ಡ ಸೊಸೆಗೆ ಪುಟ್ಟಿ ಹುಟ್ಟಿದಳು. ಪುಟ್ಟಿಗೆ ಹಲ್ಲು ಬರುವ ಮೊದಲೇ ಅವಳ ಕುರ್ಚಿಯ ಮುಂದೆ ಹಕ್ಕಿಯ ತಟ್ಟೆ ಬಂದು ಕೂತಿತು. ಆಗ ಯಾರಿಗೂ ಬದಲಿ ತಟ್ಟೆಯ ನೆನಪಾಗಲಿಲ್ಲ. ಹೊಟ್ಟೆಯಲ್ಲಿ ಹೊತ್ತವಳಿಗೆ ಸಾದಾ, ಹೊಟ್ಟೆಯಿಂದ ಬಂದವಳಿಗೆ ಹೂವು. ತಾಯಿ ಮಗಳಿಗೆ ಉಣ್ಣಿಸಿ, ತಟ್ಟೆ ತೊಳೆದು, ಒರೆಸಿ, ಅತ್ತೆಯ ಕೈಗೆ ಕೊಡುತ್ತಿದ್ದಳು.

ಗಂಡನಿಗೆ ಹೇಳಿರಲಿಲ್ಲವೇ? ಹೇಳಿದ್ದಳು. ವಿಮಾ ಕಂಪನಿಯ ಗುಮಾಸ್ತ ಅವನು, ಇನ್ನೊಬ್ಬರ ನಷ್ಟವನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟುಬಿಡುವುದು ಅವನಿಗೆ ಅಭ್ಯಾಸವಾಗಿತ್ತು. "ತಟ್ಟೆಯಲ್ಲೇನಿದೆ? ಊಟ ಒಂದೇ ಅಲ್ವಾ?" ಎಂದ. ಹೂವಿನ ತಟ್ಟೆಯಲ್ಲಿ ಉಣ್ಣುವವರಿಗೆ ತಟ್ಟೆಯಲ್ಲಿ ಏನೂ ಇರುವುದಿಲ್ಲ, ಅದು ಲೋಕರೂಢಿ.

ಹೀಗೆ ವರ್ಷಗಳು ಕಳೆದವು. ಪರದೆ ಹೊಲಿಯುವ ಅಂಗಡಿಯಲ್ಲಿ ದಿನವಿಡೀ ಯಂತ್ರ ತುಳಿಯುತ್ತ ದೊಡ್ಡ ಸೊಸೆ ಒಂದೇ ಒಂದು ವಿಷಯಕ್ಕಾಗಿ ಕಾದಳು. ಮೈದುನನಿಗೆ ಮದುವೆಯಾಗಬೇಕು. ಹೊಸಬಳು ಬರಬೇಕು. ಬಂದ ಮೇಲೆ ಬಿಳಿ ತಟ್ಟೆ ಅವಳ ಮುಂದೆ ಹೋಗಬೇಕು, ತನ್ನ ಮುಂದೆ ಹಕ್ಕಿ ಬರಬೇಕು. ಹೊಸಬಳ ಮೇಲೆ ದ್ವೇಷವೇನೂ ಇರಲಿಲ್ಲ. ಇನ್ನೂ ಹುಡುಗಿಯೇ ಗೊತ್ತಾಗಿರಲಿಲ್ಲವಲ್ಲ, ದ್ವೇಷಿಸುವುದಾದರೂ ಯಾರನ್ನು?

ಮೈದುನ ಪಿಂಗಾಣಿ ಅಂಗಡಿಯೊಂದರ ವ್ಯಾನು ಓಡಿಸುತ್ತಿದ್ದ. ಅದೇ ಅಂಗಡಿಯಲ್ಲಿ ಷೋಕೇಸಿನ ಮೇಜುಗಳನ್ನು ಜೋಡಿಸುವ ಹುಡುಗಿಯನ್ನು ಮೆಚ್ಚಿ ಮದುವೆಯಾಗಿ ಕರೆತಂದ. ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು, ಚಿಕ್ಕಮ್ಮ ಈಗಿಲ್ಲ ಎಂದ. ಅತ್ತೆ ಮೂಗು ಮುರಿದಳು, ಆದರೆ ಚಿಕ್ಕ ಮಗನೆಂದರೆ ಅವಳಿಗೆ ಜೀವ, ಹಾಗಾಗಿ ಮುರಿದ ಮೂಗನ್ನು ಮತ್ತೆ ನೆಟ್ಟಗೆ ಮಾಡಿಕೊಂಡಳು.

ಮೊದಲ ಭಾನುವಾರ ಅತ್ತೆ ಬೀರು ತೆರೆದು ಐದು ತಟ್ಟೆ ತೆಗೆದಳು. ಸ್ವಲ್ಪ ತಡೆದು ಆರನೆಯದನ್ನೂ ತೆಗೆದಳು. ದೊಡ್ಡ ಸೊಸೆ ಒದ್ದೆ ಕೈಯನ್ನು ಒರೆಸಿಕೊಂಡಳು. ಅತ್ತೆ ಆ ಆರನೆಯದನ್ನು ಅವಳ ಕೈಗೇ ಕೊಟ್ಟಳು. "ತಗೋ, ನಿಂದು. ಆ ಬಿಳೀದನ್ನ ಅವಳ ಮುಂದೆ ನೀನೇ ಇಡು."

ಇಟ್ಟಳು. ಹಾಗೆಯೇ ಹಗುರಾಗಿ ಇಡಬಹುದಿತ್ತು. ಸ್ವಲ್ಪ ಸದ್ದಾಗುವಂತೆ ಇಟ್ಟಳು. ತನ್ನ ಹಕ್ಕಿಯ ಮೇಲೆ ಸಾರು ಬೀಳದಂತೆ ಅಂಚಿನಲ್ಲೇ ಬಡಿಸಿಕೊಂಡು, ಉಂಡು ಮುಗಿಸುವ ತನಕ ಅದನ್ನು ನೋಡುತ್ತಲೇ ಇದ್ದಳು. ಜನ್ಮದಲ್ಲಿ ಅಷ್ಟು ರುಚಿಯಾದ ಊಟ ಅವಳು ಉಂಡಿರಲಿಲ್ಲ.

ಒಂದೇ ಒಂದು ಕೊರತೆಯಿತ್ತು. ಚಿಕ್ಕ ಸೊಸೆ ಅಳಲಿಲ್ಲ. ಅಳುವುದಿರಲಿ, ಮುಖವನ್ನೂ ಸಣ್ಣದು ಮಾಡಿಕೊಳ್ಳಲಿಲ್ಲ. ಬಿಳಿ ತಟ್ಟೆಯನ್ನು ಮಗುಚಿ ಬೆನ್ನು ನೋಡಿ, "ಇದು ಹಳೇ ಹೋಟ್ಲು ಮಾಲು, ಬಿದ್ರೂ ಒಡೆಯಲ್ಲ," ಎಂದು ಮೆಚ್ಚಿ, ಹೊಟ್ಟೆ ತುಂಬ ಉಂಡು ಎದ್ದಳು. ತಾನು ವರ್ಷಗಟ್ಟಲೆ ನುಂಗಿದ ಅವಮಾನವನ್ನು ಇವಳು ಆಲೂಗಡ್ಡೆಯ ಜೊತೆ ಕಲಸಿ ತಿಂದುಬಿಟ್ಟಳಲ್ಲ ಎಂದು ದೊಡ್ಡವಳಿಗೆ ಮೈಯುರಿಯಿತು.

ಕೆಲವು ತಿಂಗಳ ಮೇಲೆ ಪಿಂಗಾಣಿ ಅಂಗಡಿಯವರು ಷೋಕೇಸಿಗೆ ಪರದೆ ಹೊಲಿಸಿದರು. ಅದನ್ನು ಕೊಡಲು ದೊಡ್ಡ ಸೊಸೆಯೇ ಹೋದಳು. ರಸ್ತೆಯಲ್ಲಿ ನಾಲ್ಕಾರು ಜನ ಗಾಜಿಗೆ ಮೂಗು ತಾಗಿಸಿಕೊಂಡು ನಿಂತಿದ್ದರು. ಒಳಗೆ ಚಿಕ್ಕ ಸೊಸೆ ಚಪ್ಪಲಿ ಬಿಟ್ಟು, ಕಾಲುಚೀಲದಲ್ಲಿ ಮೇಜಿನ ಸುತ್ತ ಓಡಾಡುತ್ತ ತಟ್ಟೆ ಜೋಡಿಸುತ್ತಿದ್ದಳು. ಒಂದನ್ನು ಇಡುವುದು, ಹಿಂದೆ ಸರಿಯುವುದು, ಕಣ್ಣು ಕಿರಿದು ಮಾಡುವುದು, ಎತ್ತಿ ಬೇರೆಯದನ್ನು ಇಡುವುದು. ಅಂಗಡಿಯ ಯಜಮಾನ ಕೂಡ ಅವಳು ಮುಗಿಸುವ ತನಕ ಮಾತಾಡದೆ ಕಾಯುತ್ತಿದ್ದ.

"ಬನ್ನಿ ಅಕ್ಕ, ಬನ್ನಿ," ಎಂದು ಅವಳು ಕೈ ಹಿಡಿದು ಒಳಗೆಳೆದುಕೊಂಡಳು. "ನೋಡಿ, ಹೂವಿನದ್ದರ ಪಕ್ಕ ಹೂವಿನದೇ ಇಟ್ರೆ ಎರಡೂ ಜಗಳಕ್ಕೆ ಬೀಳ್ತವೆ. ಅದಕ್ಕೇ ಹೂವಿನಲ್ಲಿರೋ ಬಣ್ಣಗಳಲ್ಲಿ ಒಂದನ್ನ ಆರಿಸ್ಕೋಬೇಕು. ಎದ್ದು ಕಾಣೋದನ್ನಲ್ಲ, ಹಿಂದೆ ನಿಂತಿರೋದನ್ನ. ಆ ಬಣ್ಣದ ಸಾದಾ ತಟ್ಟೆ ತಂದು ಪಕ್ಕದಲ್ಲಿಟ್ರೆ ಎರಡೂ ಒಂದೇ ಮನೆಯವು ಅನ್ಸುತ್ತೆ."

"ಬಿಳಿ ಇಟ್ರೆ?"

"ಬಿಳೀಲೂ ಹತ್ತು ಥರ ಇದೆ ಅಕ್ಕ. ನಮ್ಮನೇದು ಕೆನೆ ಬಣ್ಣ. ಅದರ ಪಕ್ಕ ಆ ಸುಣ್ಣದ ಬಿಳಿ ಇಟ್ರೆ ಬಿಳೀದು ಬಡವರದು ಅನ್ಸುತ್ತೆ, ಕೆನೇದು ಕೊಳಕು ಅನ್ಸುತ್ತೆ. ಎರಡಕ್ಕೂ ಮರ್ಯಾದೆ ಹೋಗುತ್ತೆ." ಆಮೇಲೆ ದನಿ ತಗ್ಗಿಸಿದಳು. "ಪುಟ್ಟಿ ಹೇಳಿದ್ಲು. ನಾನು ಬರೋ ತನಕ ಅದರಲ್ಲಿ ನೀವು ಉಣ್ತಿದ್ರಂತೆ. ಇಷ್ಟು ವರ್ಷ ಹೇಗೆ ತಡ್ಕೊಂಡ್ರಿ ಅಕ್ಕ?"

ದೊಡ್ಡ ಸೊಸೆ ತಲೆ ತಗ್ಗಿಸಿ ತಾನು ತಂದ ಪರದೆಯ ಮಡಿಕೆ ಸರಿಮಾಡತೊಡಗಿದಳು. ಆ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಅವಳು ವರ್ಷಾನುಗಟ್ಟಲೆ ಹಂಬಲಿಸಿದ್ದಳು. ಕೇಳಬೇಕಾದ ಗಂಡ ಕೇಳಲಿಲ್ಲ, ಕೇಳಬಾರದವಳು ಕೇಳಿದಳು. ಬಿಳಿ ತಟ್ಟೆಯವಳು ಹೂವಿನ ತಟ್ಟೆಯವಳಿಗೆ ಅಯ್ಯೋ ಪಾಪ ಎನ್ನುವುದೆಂದರೇನು?

ತಗ್ಗಿದ ತಲೆಯನ್ನು ಹುಡುಗಿ ದುಃಖ ಎಂದುಕೊಂಡಳು. ಸಮಾಧಾನಕ್ಕೆ ತನ್ನ ಬಳಿ ಇದ್ದದ್ದನ್ನು ಕೊಟ್ಟಳು. "ನಿಮಗೊಬ್ಬರಿಗೇ ಹೇಳ್ತೀನಿ. ನನಗೆ ಚಿಕ್ಕಮ್ಮ ಗಿಕ್ಕಮ್ಮ ಯಾರೂ ಇಲ್ಲ. ನಾನು ಬೆಳೆದಿದ್ದು ಅನಾಥಾಶ್ರಮದಲ್ಲಿ. ಎಲ್ಲರಿಗೂ ತಗಡಿನ ತಟ್ಟೆ, ತಳದಲ್ಲಿ ನಂಬರ್. ನಂದು ಹದಿನೇಳು. ನನಗೆ ಸಾದಾ ತಟ್ಟೆ ಏನೂ ಅನ್ಸಲ್ಲ ಅಕ್ಕ, ನಿಮಗೆ ಅನ್ಸಿತ್ತಲ್ಲ ಅಂತಲೇ ಬೇಜಾರು. ಬರೋ ಭಾನುವಾರ ಬೀಗರು ಊಟಕ್ಕೆ ಬರ್ತಾರಲ್ಲ, ಅವತ್ತು ನೋಡ್ತಿರಿ. ಯಾರಿಗೆ ಯಾವ ತಟ್ಟೆ ಅನ್ನೋದೇ ಗೊತ್ತಾಗದ ಹಾಗೆ ಮೇಜು ಹಾಕ್ತೀನಿ. ಆಮೇಲೆ ಆ ಬಿಳೀದನ್ನ ಯಾರ ಮುಂದೂ ಇಡೋ ಹಾಗೇ ಇರಲ್ಲ."

ದೊಡ್ಡ ಸೊಸೆ ಬಸ್ಸಿನಲ್ಲಿ ಕೂತು ಮನೆಯವರೆಗೂ ಇದನ್ನೇ ಮೆಲುಕು ಹಾಕಿದಳು. ಯಾರಿಗೆ ಯಾವುದು ಎಂದೇ ಗೊತ್ತಾಗದಿದ್ದರೆ ತನಗೆ ಸಿಕ್ಕಿದ್ದಾದರೂ ಏನು? ಹೂವಿನ ತಟ್ಟೆ ಇನ್ನು ಬರೀ ತಟ್ಟೆ. ಅದರ ಬೆಲೆಯೆಲ್ಲ ಇನ್ನೊಬ್ಬರ ಮುಂದಿರುವ ಬಿಳಿ ತಟ್ಟೆಯಲ್ಲಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರುವ ಹೊತ್ತಿಗೆ ಈ ಹದಿನೇಳನೇ ನಂಬರು ಬಂದು, ಎಲ್ಲರಿಗೂ ಒಂದೊಂದು ತುತ್ತು ಹಂಚೋಣ ಅನ್ನುತ್ತಿದ್ದಾಳೆ.

ಆ ಭಾನುವಾರ ಚಿಕ್ಕ ಸೊಸೆ ಬೆಳಿಗ್ಗೆಯೇ ಎದ್ದು, ಅತ್ತೆಯಿಂದ ಬೀಗದ ಕೈ ಕೇಳಿ ಪಡೆದು ಮೇಜು ಹಾಕಿದಳು. ತನ್ನ ಸಂಬಳದಲ್ಲಿ ಆರು ಸಾದಾ ತಟ್ಟೆ ತಂದಿದ್ದಳು, ಹೂಬಳ್ಳಿಯ ಎಲೆಗಳ ನೆರಳಿನಲ್ಲಿ ಹುಡುಕಿದರೆ ಮಾತ್ರ ಕಾಣುವಂಥ ಮಾಸಲು ನೀಲಿ. ಒಂದು ಹೂವಿನದು, ಒಂದು ನೀಲಿ, ಒಂದು ಹೂವಿನದು, ಒಂದು ನೀಲಿ. ಹೂವಿನದ್ದರ ಮುಂದೆ ನೀಲಿ ಬಟ್ಟಲು, ನೀಲಿಯದರ ಮುಂದೆ ಕೆನೆ ಬಣ್ಣದ ಬಟ್ಟಲು. ಅತ್ತೆಗೆ ನೀಲಿ, ಮಾವನಿಗೆ ಹೂವಿನದು, ಅಣ್ಣತಮ್ಮಂದಿರಿಗೆ ಒಂದೊಂದು ಥರ, ತನಗೆ ನೀಲಿ. ದೊಡ್ಡ ಸೊಸೆಗೆ ಮಾತ್ರ ಬೇಕೆಂದೇ ಹೂವಿನದನ್ನು, ಅದೂ ನಾದಿನಿಯ ಅತ್ತೆಯ ಪಕ್ಕದ ಗೌರವದ ಕುರ್ಚಿಯಲ್ಲಿ ಇಟ್ಟಿದ್ದಳು. ಬಿಳಿ ತಟ್ಟೆ ಅಡುಗೆಮನೆಯಲ್ಲಿ ಬೇಯಿಸಿದ ಆಲೂಗಡ್ಡೆಯ ಪಾತ್ರೆಗೆ ಮುಚ್ಚಳವಾಗಿತ್ತು.

ಅತ್ತೆ ಬಂದು ನೋಡಿದಳು. ತನ್ನ ಆರು ತಟ್ಟೆಗಳು ಹನ್ನೆರಡರಷ್ಟು ಸಿರಿವಂತವಾಗಿ ಕಾಣುತ್ತಿದ್ದವು. "ಪರವಾಗಿಲ್ಲ, ಬೀಗಿತ್ತಿ ಮುಂದೆ ತಲೆ ಎತ್ತಿಕೊಂಡು ಕೂರಬಹುದು," ಎಂದಳು. ಅತ್ತೆಯ ಬಾಯಿಂದ ಅಂಥ ಮಾತು ದೊಡ್ಡ ಸೊಸೆಗೆ ಒಮ್ಮೆಯೂ ಬಂದಿರಲಿಲ್ಲ.

ಚಿಕ್ಕವಳು ಬಟ್ಟೆ ಬದಲಾಯಿಸಲು ಕೋಣೆಗೆ ಹೋದಳು. ಊಟದ ಮನೆಯಲ್ಲಿ ದೊಡ್ಡವಳು ಒಬ್ಬಳೇ ಉಳಿದಳು. ಮೇಜು ಚೆನ್ನಾಗಿತ್ತು, ಅದನ್ನು ಅವಳೂ ಒಪ್ಪಿದಳು. ಅಷ್ಟು ಚೆನ್ನಾಗಿತ್ತಾದ್ದರಿಂದಲೇ ಹೆಚ್ಚು ಕೆಲಸ ಬೇಕಿರಲಿಲ್ಲ. ಆಲೂಗಡ್ಡೆಯ ಮೇಲಿನ ಬಿಳಿ ತಟ್ಟೆ ತೆಗೆದು, ಹಬೆಯ ನೀರು ಒರೆಸಿ, ಚಿಕ್ಕವಳ ನೀಲಿ ತಟ್ಟೆ ಎತ್ತಿ ಅಲ್ಲಿ ಇದನ್ನಿಟ್ಟಳು. ಒಂದೇ ಒಂದು ತಟ್ಟೆ. ಉಳಿದ ಒಂಬತ್ತೂ ಒಂದಕ್ಕೊಂದು ಹೊಂದಿಕೊಂಡು ಕೂತಿದ್ದರಿಂದ ಆ ಒಂದು ಬಾಗಿಲಿಂದಲೇ ಕಣ್ಣಿಗೆ ಹೊಡೆಯುತ್ತಿತ್ತು.

ಬೀಗರು ಬಂದರು. ನಾದಿನಿ, ಅವಳ ಗಂಡ, ಅವಳ ಅತ್ತೆ. ಎಲ್ಲರೂ ಕೂತ ಮೇಲೆ ಚಿಕ್ಕ ಸೊಸೆ ಬಂದು ತನ್ನ ಜಾಗ ನೋಡಿದಳು. ಆಮೇಲೆ ದೊಡ್ಡ ಸೊಸೆಯನ್ನು ನೋಡಿದಳು. ಕುರ್ಚಿ ಎಳೆದು ಕೂತಳು.

ಬೀಗಿತ್ತಿಯ ಕಣ್ಣು ಚುರುಕು. "ಎಷ್ಟು ಚೆನ್ನಾಗಿ ಹೊಂದಿಸಿದ್ದೀರಿ! ಈ ಮಗು ಮುಂದೆ ಮಾತ್ರ ಯಾಕೆ ಹೀಗೆ ಬೇರೆ?"

"ಒಂದು ಕಡಿಮೆ ಬಿತ್ತು, ಅಷ್ಟೇ," ಎಂದಳು ಚಿಕ್ಕವಳು ತಾನೇ ಮುಂದಾಗಿ. "ನಾನೇ ತಗೊಂಡೆ."

ಮಾತು ಅಲ್ಲಿಗೆ ಮುಗಿಯುತ್ತಿತ್ತು. ದೊಡ್ಡ ಸೊಸೆಗೆ ತಪ್ಪಿಸಿಕೊಳ್ಳಲು ಹುಡುಗಿ ಬಾಗಿಲು ತೆರೆದುಕೊಟ್ಟಿದ್ದಳು. ಆ ಉಪಕಾರವೇ ಅವಳಿಗೆ ತಡೆಯದಾಯಿತು.

"ಕಡಿಮೆ ಏನೂ ಬಿದ್ದಿಲ್ಲ, ಒಳಗೆ ನೀಲೀದು ಬೇಕಾದಷ್ಟಿದೆ," ಎಂದಳು. ನಗುನಗುತ್ತಲೇ ಎಂದಳು, ಅತ್ತೆಯ ನಗೆಯನ್ನು ಅಷ್ಟು ವರ್ಷ ನೋಡಿ ಕಲಿತಿದ್ದಳು. "ಅವಳಿಗೆ ಇದೇ ಹೆಚ್ಚು. ಅನಾಥಾಶ್ರಮದಲ್ಲಿ ತಗಡಿನ ತಟ್ಟೇಲಿ ತಿಂದು ಬೆಳೆದೋಳು. ಅದರ ಮೇಲೆ ಹೆಸರೂ ಇರ್ಲಿಲ್ವಂತೆ, ನಂಬರ್. ಎಷ್ಟೇ ಅದು? ಹದಿನೇಳು ಅಲ್ವಾ?"

ನಾದಿನಿಗೆ ಫಕ್ಕನೆ ನಗು ಬಂತು. ಅತ್ತೆ ಚಮಚ ಕೆಳಗಿಟ್ಟಳು. "ಚಿಕ್ಕಮ್ಮನ ಮನೆ ಅಂದಿದ್ಯಲ್ಲೋ?" ಎಂದು ಮಗನ ಮುಖ ನೋಡಿದಳು. ಬೀಗಿತ್ತಿ ತನ್ನ ಕುರ್ಚಿಯನ್ನು ಗೊತ್ತಾಗದಷ್ಟು ಪಕ್ಕಕ್ಕೆ ಸರಿಸಿ, "ಹಾಗಾದ್ರೆ ಹೆತ್ತವರು ಯಾರು ಅಂತಲೇ ಗೊತ್ತಿಲ್ವಾ?" ಎಂದು ಮೆತ್ತಗೆ ಕೇಳಿದಳು.

ಮೈದುನ ಎದ್ದು ನಿಂತ. ಚಿಕ್ಕ ಸೊಸೆ ಅವನ ತೋಳು ಹಿಡಿದು ಕೂರಿಸಿದಳು. "ಹೌದು ಅಕ್ಕ, ಹದಿನೇಳು," ಎಂದಳು. ಬೀಗಿತ್ತಿಯ ಕಡೆ ತಿರುಗಿ, "ಗೊತ್ತಿಲ್ಲ," ಎಂದಳು. ಆಮೇಲೆ ತನ್ನ ತಟ್ಟೆಯಲ್ಲಿದ್ದ ಕೋಳಿ, ಆಲೂಗಡ್ಡೆ, ಬ್ರೆಡ್ಡು, ಒಂದು ಚೂರೂ ಬಿಡದೆ ಎಲ್ಲ ತಿಂದಳು. ಬಹುಶಃ ಊಟ ಬಿಡಬಾರದು ಎಂದು ಅಲ್ಲಿ ಕಲಿಸಿದ್ದರು. ಅವಳು ಅಗಿಯುವ ಸದ್ದು ಹತ್ತೂ ಜನಕ್ಕೆ ಕೇಳುತ್ತಿತ್ತು. ದೊಡ್ಡ ಸೊಸೆ ತನ್ನ ಹಕ್ಕಿಯನ್ನು ನೋಡುತ್ತ ಕೂತಿದ್ದಳು.

ಮರುದಿನವೇ ಅವರಿಬ್ಬರೂ ಮನೆ ಬಿಟ್ಟರು. ಅಂಗಡಿಯ ವ್ಯಾನಿಗೇ ಪೆಟ್ಟಿಗೆ ಹೇರಿದರು. ಪುಟ್ಟಿ ಚಿಕ್ಕಮ್ಮನ ಕಾಲು ತಬ್ಬಿಕೊಂಡು ಬಿಡಲೊಲ್ಲೆ ಎಂದು ಅತ್ತಳು. ಮೈದುನ ಹೋಗುವಾಗ ದೊಡ್ಡ ಸೊಸೆಯ ಮುಂದೆ ನಿಂತ. "ನಿಮಗೆ ಹೂವಿನ ತಟ್ಟೆ ಬೇಕಾಗಿತ್ತು, ಅಷ್ಟೇ ಅಲ್ವಾ ಅತ್ತಿಗೆ? ಒಂದು ಮಾತು ಕೇಳಿದ್ರೆ ಅವಳು ನೂರು ತಂದುಕೊಡ್ತಿದ್ದಳು." ಅವನಿಗೆ ಏನೂ ಅರ್ಥವಾಗಿರಲಿಲ್ಲ ಎಂದು ದೊಡ್ಡ ಸೊಸೆಗೆ ಅನಿಸಿತು. ನೂರು ಇದ್ದರೆ ಯಾರಿಗೆ ಬೇಕು?

ಅತ್ತೆ ಮೂರು ದಿನ ಅತ್ತಳು. ನಾಲ್ಕನೆಯ ದಿನ ಕಣ್ಣೊರೆಸಿಕೊಂಡು ಕಾರಣ ಹುಡುಕಲು ಕೂತಳು. ಬೀಗಿತ್ತಿಯ ಮುಂದೆ ಸೊಸೆಯ ಹುಟ್ಟು ಕೆದಕಿದಾಗ ತಾನೂ ಬಾಯಿ ಹಾಕಿದ್ದೆ ಎನ್ನುವುದು ಅವಳಿಗೆ ಮರೆತೇಹೋಗಿತ್ತು. "ನನ್ನ ಮಗನ್ನ ಮನೆಯಿಂದ ಅಟ್ಟಿದೋಳು ನೀನು," ಎಂದು ದೊಡ್ಡ ಸೊಸೆಗೆ ಹೇಳಲೂ ಇಲ್ಲ. ನಾನು ಮೊದಲೇ ಹೇಳಿದೆನಲ್ಲ, ಆ ಮನೆಯಲ್ಲಿ ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ನೀಲಿ ತಟ್ಟೆಗಳನ್ನು ಮಾತ್ರ ಬಾಲ್ಕನಿಗೆ ಒಯ್ದು ಹೂಕುಂಡಗಳ ಕೆಳಗಿಟ್ಟಳು.

ಭಾನುವಾರ ಬಂತು. ದೊಡ್ಡ ಸೊಸೆ ಹೆದರಲಿಲ್ಲ. ಲೆಕ್ಕ ಅವಳ ಪರವಾಗಿತ್ತು. ಮಾವ, ಅತ್ತೆ, ಗಂಡ, ಪುಟ್ಟಿ, ತಾನು. ಐದು ಜನ, ಆರು ತಟ್ಟೆ. ಒಮ್ಮೆ ಕೊಟ್ಟಿದ್ದನ್ನು ಹಿಂದಕ್ಕೆ ಕಸಿದುಕೊಳ್ಳಲು ಯಾವ ನೆಪವಿದೆ? ಅವಳು ಕೋಳಿಯ ತುಂಡುಗಳನ್ನು ದೊಡ್ಡ ಬೋಗುಣಿಗೆ ಸುರಿದುಕೊಂಡು ಊಟದ ಮನೆಗೆ ಬಂದಾಗ ಅತ್ತೆ ಮೇಜಿನ ಬಳಿ ಇರಲಿಲ್ಲ. ಕಿಟಕಿಯ ಪಕ್ಕ ಆರಾಮಾಗಿ ಕೂತಿದ್ದಳು. ಬೀಗದ ಕೈ ಪುಟ್ಟಿಯ ಕೈಯಲ್ಲಿತ್ತು.

"ಇನ್ಮೇಲೆ ಮೇಜು ಹಾಕೋದು ನಮ್ಮ ಪುಟ್ಟಿ," ಎಂದಳು ಅತ್ತೆ. "ನನಗೂ ವಯಸ್ಸಾಯ್ತು. ಮನೇದು ಮನೆಯವರಿಗೆ ಗೊತ್ತಿರ್ಬೇಕು."

ಪುಟ್ಟಿ ತುಟಿ ಕಚ್ಚಿಕೊಂಡು ತಟ್ಟೆಗಳನ್ನು ಒಂದೊಂದಾಗಿ ಎದೆಗೊತ್ತಿ ತಂದಳು. ತಾತನಿಗೊಂದು. ಅಜ್ಜಿಗೊಂದು. ಅಪ್ಪನಿಗೊಂದು. ತನಗೊಂದು. ನಾಲ್ಕೂ ಹಕ್ಕಿಗಳು ಒಂದೇ ಕಡೆಗೆ ಮುಖ ಮಾಡುವಂತೆ ತಿರುಗಿಸಿದಳು. ಅದನ್ನು ಚಿಕ್ಕಮ್ಮ ಕಲಿಸಿದ್ದಳು. ಮತ್ತೆ ಬೀರುವಿನ ಬಳಿ ಹೋಗಿ ಮಂಡಿಯೂರಿ ಕೂತು, ಕೆಳಗಿನ ಹಲಗೆಯಿಂದ ಎರಡೂ ಕೈಯಲ್ಲಿ ಬಿಳಿ ತಟ್ಟೆ ಎತ್ತಿ ತಂದು ಅಮ್ಮನ ಜಾಗದಲ್ಲಿ ಇಟ್ಟಳು. ಅವಳ ಮುಖದಲ್ಲಿ ಕೋಪವಾಗಲಿ ಕುಚೋದ್ಯವಾಗಲಿ ಇರಲಿಲ್ಲ. ಕೆಲಸ ಸರಿಯಾಗಿ ಮಾಡಬೇಕೆನ್ನುವ ಗಮನ ಮಾತ್ರ ಇತ್ತು.

"ಪುಟ್ಟಿ," ಎಂದಳು ತಾಯಿ. "ಒಳಗೆ ಹೂವಿಂದು ಇನ್ನೂ ಎರಡು ಇದೆಯಲ್ಲ."

"ಒಂದು ಸೋದರತ್ತೇದು, ಒಂದು ಚಿಕ್ಕಪ್ಪಂದು," ಎಂದಳು ಪುಟ್ಟಿ, ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ. "ನಾನು ಮದುವೆಯಾಗಿ ಹೋದ ಮೇಲೂ ನಂದು ಹಾಗೇ ಇರುತ್ತಂತೆ. ಅಜ್ಜಿ ಹೇಳಿದ್ರು."

ದೊಡ್ಡ ಸೊಸೆ ಗಂಡನನ್ನು ನೋಡಿದಳು. ಅವನು ಉಪ್ಪಿನ ಡಬ್ಬಿಯ ತೂತು ಮುಚ್ಚಿಕೊಂಡಿದೆಯೇ ಎಂದು ಅಲ್ಲಾಡಿಸಿ ನೋಡುತ್ತಿದ್ದ. ಮಾವ ಆಗಲೇ ಬ್ರೆಡ್ಡು ಮುರಿಯುತ್ತಿದ್ದ.

ಪುಟ್ಟಿ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ಮೇಜನ್ನು ನೋಡಿದಳು. "ಸರಿಯಾಗಿದೆಯಾ ಅಜ್ಜಿ?"

ಅತ್ತೆ ಕಿಟಕಿಯ ಬಳಿಯಿಂದ ಎದ್ದು ಬಂದು ತನ್ನ ಹಕ್ಕಿಯ ಮುಂದೆ ಕೂತಳು. "ನನ್ನನ್ಯಾಕೆ ಕೇಳ್ತೀಯ ಬಂಗಾರ? ನಿಮ್ಮಮ್ಮನ್ನೇ ಕೇಳು. ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಪುಟ್ಟಿ ತಾಯಿಯತ್ತ ತಿರುಗಿದಳು. ಹೊಗಳಿಕೆಗೆ ಕಾಯುವ ಮಗುವಿನ ಕಣ್ಣು. "ಸರಿಯಾಗಿದೆಯಾ ಅಮ್ಮ?"

ಬೋಗುಣಿ ಬಿಸಿಯಿತ್ತು, ಕೈ ಸುಡುತ್ತಿತ್ತು. ದೊಡ್ಡ ಸೊಸೆ ಅದನ್ನು ಮೇಜಿನ ನಡುವೆ ಇಟ್ಟಳು.

"ಸರಿಯಾಗಿದೆ ಪುಟ್ಟಿ," ಎಂದು ಹೇಳಿ ಕುರ್ಚಿ ಎಳೆದುಕೊಂಡು ಕೂತಳು.